ಬಿದ್ದು ಹೋಗೋ ಹಲ್ಲು ತಾನೇ?

ಚಿಕ್ಕ ಮಕ್ಕಳ ಹಲ್ಲು ಹುಳುಕಾದ್ರೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರೋ ಮಾತು ಇದು: "ಹಾಲುಹಲ್ಲು ತಾನೇ, ಹೇಗಿದ್ರೂ ಬಿದ್ದುಹೋಗತ್ತೆ ಬಿಡಿ." ಕೇಳೋಕೆ ಲಾಜಿಕ್ ಸರಿ ಅನ್ಸತ್ತೆ. ಆದ್ರೆ ಯಾವಾಗ ಬೀಳತ್ತೆ ಅನ್ನೋದು ಮುಖ್ಯ.

ಮಗುವಿಗೆ ಸುಮಾರು 6 ತಿಂಗಳಿಗೆ ಮೊದಲ ಹಲ್ಲು ಬರತ್ತೆ. ಸುಮಾರು 3 ವರ್ಷದ ಹೊತ್ತಿಗೆ 20 ಹಲ್ಲೂ ಬಂದಿರುತ್ತವೆ. ಮುಂದಿನ ಹಲ್ಲುಗಳು 6-7ನೇ ವರ್ಷಕ್ಕೆ ಬೀಳೋಕೆ ಶುರುವಾದ್ರೂ, ಹಿಂದಿನ ದವಡೆ ಹಲ್ಲುಗಳು 10-12 ವರ್ಷದವರೆಗೂ ಇರಬೇಕು. ಬಸ್ಸಿನ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡೀತೀವಲ್ಲ, ಹಾಗೆ ಅವು ಒಳಗೆ ಬೆಳೀತಿರೋ ಶಾಶ್ವತ ಹಲ್ಲಿಗೆ ಜಾಗ ಹಿಡಿದು ಕೂತಿರುತ್ತವೆ. 5ನೇ ವರ್ಷಕ್ಕೇ ಹುಳುಕಾಗಿ ಕೀಳಿಸಬೇಕಾಗಿ ಬಂದ್ರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲತ್ತೆ. ಆಮೇಲೆ ಬರೋ ಹಲ್ಲು ಜಾಗ ಸಿಗದೆ ಸೊಟ್ಟ ಬರಬಹುದು. ಹುಳುಕು ಬೇರಿನವರೆಗೂ ಹೋಗಿ ಕೀವಾದ್ರೆ ಕೆಳಗಿರೋ ಹೊಸ ಹಲ್ಲಿಗೂ ಪೆಟ್ಟು ಬೀಳಬಹುದು. ಅಷ್ಟರಲ್ಲಿ ಮಗು ನೋವಿಂದ ಸರಿಯಾಗಿ ಊಟ, ನಿದ್ದೆ ಮಾಡಿರಲ್ಲ.

ಹುಳುಕು ಅಂದ್ರೆ ಹುಳ ಅಲ್ಲ, ಫಸ್ಟ್ ಇಯರ್ ಕೆಮಿಸ್ಟ್ರಿ ಅಷ್ಟೇ. ಬಾಯಲ್ಲಿರೋ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡ್ತವೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದ್ರೆ ಎನಾಮಲ್‌ನ ಖನಿಜ ಕರಗೋಕೆ ಶುರು. ಜೊಲ್ಲು ಅದನ್ನ ಮತ್ತೆ ಸರಿಮಾಡತ್ತೆ, ಆದ್ರೆ ಅದಕ್ಕೆ ಟೈಮ್ ಬೇಕು. ಹಾಗಾಗಿ ಎಷ್ಟು ಸಿಹಿ ತಿಂದ್ರು ಅನ್ನೋದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದ್ರು ಅನ್ನೋದೇ ದೊಡ್ಡ ವಿಷಯ. ನಿದ್ದೇಲಿ ಜೊಲ್ಲು ಕಮ್ಮಿಯಾಗತ್ತೆ. ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟೇ ಮಗುವನ್ನ ಮಲಗಿಸೋದು ಅದಕ್ಕೇ ಅಪಾಯ. ಹಾಲುಹಲ್ಲಿನ ಎನಾಮಲ್ ತೆಳು ಬೇರೆ, ಬೇಗ ತೂತಾಗತ್ತೆ. ಒಸಡಿನ ಹತ್ತಿರ ಸುಣ್ಣದ ಥರ ಬಿಳಿ ಗೆರೆ ಕಂಡ್ರೆ ಅದು ಮೊದಲ ಸೂಚನೆ. ಆ ಹಂತದಲ್ಲೇ ಡಾಕ್ಟರಿಗೆ ತೋರಿಸಿದ್ರೆ ಡ್ರಿಲ್ ಇಲ್ಲದೇನೇ ತಡೆಯಬಹುದು.

ಮಾಡಬೇಕಾಗಿರೋದು ಕಷ್ಟದ್ದೇನಲ್ಲ. ಮೊದಲ ಹಲ್ಲು ಬಂದಾಗಿಂದ್ಲೇ ದಿನಕ್ಕೆ ಎರಡು ಸಲ ಬ್ರಷ್. 3 ವರ್ಷದೊಳಗಿನವರಿಗೆ ಅಕ್ಕಿಕಾಳಷ್ಟು, ಆಮೇಲೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಕುಡಿಯೋ ನೀರಲ್ಲೇ ಫ್ಲೋರೈಡ್ ಜಾಸ್ತಿ ಇರೋ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಊರುಗಳವರು ಪೇಸ್ಟಿನ ಬಗ್ಗೆ ಡಾಕ್ಟರನ್ನ ಕೇಳೋದು ಒಳ್ಳೇದು. 7-8 ವರ್ಷದವರೆಗೂ ದೊಡ್ಡವರೇ ನಿಂತು ಉಜ್ಜಿಸಬೇಕು. ಮೊದಲ ಹುಟ್ಟುಹಬ್ಬದೊಳಗೆ ಒಂದು ಸಲ ದಂತವೈದ್ಯರಿಗೆ ತೋರಿಸಬೇಕು.

ಇನ್ನೊಂದು ವಿಷಯ ಎಷ್ಟೋ ಮನೆಗಳಲ್ಲಿ ಗೊತ್ತೇ ಇರಲ್ಲ. 6ನೇ ವರ್ಷದ ಆಸುಪಾಸಿನಲ್ಲಿ ಹಾಲುಹಲ್ಲುಗಳ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಬರತ್ತೆ. ಅದಕ್ಕೋಸ್ಕರ ಯಾವ ಹಲ್ಲೂ ಬಿದ್ದಿರಲ್ಲ, ಹಾಗಾಗಿ ಎಲ್ರೂ ಅದನ್ನೂ ಹಾಲುಹಲ್ಲು ಅಂದ್ಕೊಳ್ತಾರೆ. ಆದ್ರೆ ಅದು ಶಾಶ್ವತ ಹಲ್ಲು, ಹೋದ್ರೆ ಮತ್ತೆ ಬರಲ್ಲ.

ಮುಂದಿನ ಸಲ ಹಬ್ಬಕ್ಕೆ ಊರಿಗೆ ಹೋದಾಗ ಮನೇಲಿರೋ 7 ವರ್ಷದ ತಂಗಿಗೋ ಅಕ್ಕನ ಮಗನಿಗೋ "ಆ ಅನ್ನು" ಅನ್ನಿ. ಮುಂದಿನ ನಡುವಿಂದ ಒಂದು ಕಡೆಗೆ ಎಣಿಸ್ತಾ ಹೋಗಿ. 6ನೇದರಲ್ಲಿ ಕಪ್ಪು ಚುಕ್ಕೆ ಇದ್ರೆ, ಹಬ್ಬ ಮುಗಿದ ಮಾರನೇ ದಿನವೇ ಡಾಕ್ಟರ ಹತ್ರ ಕರ್ಕೊಂಡು ಹೋಗೋಕೆ ಮನೆಯವರಿಗೆ ಹೇಳಿ.