ಕೋಳಿ ಸರಿ, ಸಾರೆಲ್ಲಿ?

ಮಧುಗಿರಿ, ಕೊರಟಗೆರೆ ಕಡೆಯ ಹೋಟೆಲಿನಲ್ಲಿ ಉಂಡವನ ಅಭಿಪ್ರಾಯವನ್ನು ಬಾಯಿಬಿಟ್ಟು ಕೇಳಬೇಕಾಗಿಲ್ಲ. ಅರ್ಧ ಮುದ್ದೆ ಮುಗಿಯುವ ಹೊತ್ತಿಗೆ ‘ಇನ್ನೊಂಚೂರು ಸಾರು ಬಿಡಣ್ಣ’ ಎಂದನೋ ಇಲ್ಲವೋ, ನೋಡಿದರೆ ಸಾಕು. ಕೇಳಿದರೆ ಹೋಟೆಲು ಪಾಸು. ಕೇಳದೆ ಎದ್ದು ಕೈತೊಳೆದರೆ, ದುಡ್ಡು ಕೊಡುವಾಗ ಅವನು ‘ಚೆನ್ನಾಗೈತೆ’ ಎಂದರೂ ಮಾಲೀಕ ನಂಬಬಾರದು.

ಇಂಥ ಊರುಗಳಿಗೂ ಈಗ ಗ್ರಿಲ್ ಚಿಕನ್ ಬಂದಿದೆ. ಗಾಜಿನ ಪೆಟ್ಟಿಗೆಯೊಳಗೆ ಸಾಲಾಗಿ ಕಂಬಿಗೆ ಸಿಕ್ಕಿಕೊಂಡ ಕೋಳಿಗಳು ಎಣ್ಣೆ ತೊಟ್ಟಿಕ್ಕಿಸುತ್ತ ತಿರುಗುತ್ತವೆ. ಫುಲ್, ಹಾಫ್, ಕ್ವಾರ್ಟರ್ ಲೆಕ್ಕ. ಜೊತೆಗೆ ಕುಬ್ಬೂಸ್, ಒಂದು ಪುಟ್ಟ ಬಟ್ಟಲಲ್ಲಿ ಮಯೋನೈಸ್. ಕಾಲೇಜು ಹುಡುಗರಿಗೆ ಇಷ್ಟ. ನಾಲ್ಕು ಜನ ಸೇರಿ ದುಡ್ಡು ಹಾಕಿ ತಿನ್ನಲು ಹೇಳಿ ಮಾಡಿಸಿದ ತಿಂಡಿ. ಅವರ ಅಪ್ಪಂದಿರನ್ನು ಕೇಳಿ ನೋಡಿ: ‘ಕೋಳಿ ಸರಿ, ಸಾರೆಲ್ಲಿ?’ ಇದು ತಮಾಷೆಯಲ್ಲ. ರಾಗಿಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ನುಂಗಲು ಸಾರು ಬೇಕು. ಸಾರಿಲ್ಲದ ಕೋಳಿ ಎಷ್ಟೇ ರುಚಿಯಾಗಿದ್ದರೂ ನಂಚಿಕೆಯಾದೀತು, ಊಟವಾಗದು.

ಸುಟ್ಟ ಕೋಳಿಗೂ ಹೆಸರಾದ ಹವಾಯಿ ದ್ವೀಪಗಳಲ್ಲಿ ಈ ತೊಡಕಿಲ್ಲ. ಅಲ್ಲಿನ ‘ಹುಲಿಹುಲಿ ಚಿಕನ್’ಗೂ ನಮ್ಮ ಹುಲಿಗೂ ಸಂಬಂಧವಿಲ್ಲ, ಹವಾಯಿ ಮಾತಿನಲ್ಲಿ ‘ಹುಲಿ’ ಎಂದರೆ ತಿರುಗಿಸು. 1955ರಲ್ಲಿ ಹೊನೊಲುಲುವಿನ ಕೋಳಿ ವ್ಯಾಪಾರಿ ಅರ್ನೆಸ್ಟ್ ಮೊರ್ಗಾಡೊ ರೈತರ ಸಭೆಯೊಂದರಲ್ಲಿ ಬಡಿಸಿದ ಕೋಳಿ ಹೆಸರು ಮಾಡಿತು. ಎರಡು ಕಬ್ಬಿಣದ ಜಾಲರಿಗಳ ನಡುವೆ ಕೋಳಿ ಇಟ್ಟು ಸುಡುವುದು, ಒಂದು ಬದಿ ಬೆಂದಾಗ ‘ಹುಲಿ!’ ಎಂದು ಕೂಗಿ ಮಗುಚುವುದು. ಆಮೇಲೆ ಶಾಲೆಗಳು, ಸಂಘಗಳು ಚಂದಾ ಎತ್ತಲು ಇದನ್ನೇ ಸುಟ್ಟು ಮಾರತೊಡಗಿದವು. ಅಲ್ಲಿನ ಸಾದಾ ಹೋಟೆಲುಗಳಲ್ಲಿ ಇಂಥ ಕೋಳಿಯ ಪಕ್ಕದಲ್ಲಿ ಎರಡು ಗುಂಡು ಅನ್ನ, ಮ್ಯಾಕರೋನಿ ಸಲಾಡ್ ಇರುತ್ತದೆ. ಅಂದರೆ ಅವರಿಗೆ ಅದು ಊಟವೇ.

ಆದರೆ ಹುಲಿಹುಲಿಯ ಮಸಾಲೆಗೆ ಸೋಯಾ ಸಾಸ್, ಶುಂಠಿಯ ಜೊತೆ ಸಕ್ಕರೆಯೂ ಬೀಳುತ್ತದೆ. ಕೋಳಿಗೆ ಸಿಹಿಯೇ? ಪಾವಗಡದಲ್ಲಿ ಇದನ್ನು ಬಡಿಸುವ ಧೈರ್ಯ ಯಾರಿಗಿದೆಯೋ ಕಾಣೆ. ಮೂರು ಕಡೆ ಆಂಧ್ರ ಸುತ್ತಿಕೊಂಡ ತಾಲ್ಲೂಕು. ಒಂದೇ ಮೇಜಿನಲ್ಲಿ ಕನ್ನಡವೂ ತೆಲುಗೂ ಉಣ್ಣುತ್ತವೆ, ಖಾರದ ವಿಷಯಕ್ಕೆ ಎರಡೂ ಒಂದಾಗುತ್ತವೆ.

ಹವಾಯಿಯವರಿಗೂ ನಮಗೂ ನಿಜವಾದ ನಂಟು ಇರುವುದು ಸೌದೆಯಲ್ಲಿ. ಹುಲಿಹುಲಿಗೆ ಹೊಗೆಯ ವಾಸನೆ ಕೊಡುವುದು ಕಿಯಾವೆ ಎಂಬ ಮರ. 1828ರಲ್ಲಿ ಅಲ್ಲಿಗೆ ಬಂದ ಪರದೇಶಿ ಗಿಡ ಅದು. ನಮ್ಮ ಕೆರೆಯಂಗಳಗಳನ್ನೆಲ್ಲ ನುಂಗಿರುವ ಬಳ್ಳಾರಿ ಜಾಲಿ ಅದರ ದಾಯಾದಿ. ಎರಡೂ ಪ್ರೊಸೋಪಿಸ್ ಕುಲದವು. ಶಿರಾ, ಪಾವಗಡದ ಬಯಲಲ್ಲಿ ರೈತ ಶಪಿಸುತ್ತ ಕಡಿಯುವ ಮುಳ್ಳುಗಿಡದ ಇದ್ದಿಲಿಗೆ ಹೊನೊಲುಲುವಿನಲ್ಲಾದರೆ ಮರ್ಯಾದೆ ಸಿಗುತ್ತಿತ್ತು. ನಮ್ಮ ಗ್ರಿಲ್ ಅಂಗಡಿಗಳು ಮಾತ್ರ ಗ್ಯಾಸ್ ಉರಿಯನ್ನೇ ನಂಬಿವೆ. ಹೊಗೆಯಿಲ್ಲದ ಗ್ರಿಲ್ಲಿಗೆ ಗಾಜಿನ ಪೆಟ್ಟಿಗೆಯ ಮೆರುಗಷ್ಟೇ ಉಳಿಯುತ್ತದೆ.

ಕೋಳಿ ಸುಡುವುದು ನಮಗೆ ಹೊಸದೂ ಅಲ್ಲ. ನಾಟಿ ಕೋಳಿಯ ಪುಕ್ಕ ಕಿತ್ತು, ಬೆಂಕಿಯ ಮೇಲೆ ಹಿಡಿದು ಸುಟ್ಟು, ಅರಿಶಿನ ಹಚ್ಚಿ ತೊಳೆದ ಮೇಲೆಯೇ ಕತ್ತರಿಸುವುದು. ಆ ಚರ್ಮದ ಹೊಗೆಯ ಘಮವೇ ಸಾರಿಗೆ ಇಳಿಯುತ್ತದೆ. ಹಳೇ ಗಿರಾಕಿ ಮೊದಲ ಗುಟುಕಿನಲ್ಲೇ ‘ಇದು ಫಾರಂ ಕೋಳಿ ಕಣಯ್ಯ’ ಎನ್ನುವುದು ಅದು ಸಿಗದಾಗ. ಚರ್ಮ ಸುಲಿದ ಬ್ರಾಯ್ಲರಿಗೆ ಎಷ್ಟು ಮಸಾಲೆ ಅರೆದು ಹಾಕಿದರೂ ಆ ಘಮ ಬರುವುದಿಲ್ಲ.

ಇಂಥ ಹಳೇ ಗಿರಾಕಿಗೆ ಹೆದರುವ ವಿಷಯದಲ್ಲಿ ಶಿರಾದ ಲೆಕ್ಕ ಬೇರೆ. ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಊಟಕ್ಕೆ ನಿಂತವನು ಮತ್ತೆ ಬರುವುದು ಯಾವಾಗಲೋ. ಅವನ ಬೈಗುಳ ಅವನ ಕಾರಿನ ಜೊತೆಗೇ ಚಿತ್ರದುರ್ಗ ದಾಟಿ ಹೋಗುತ್ತದೆ. ಕೊರಟಗೆರೆಯಲ್ಲಿ ಹಾಗಲ್ಲ. ಇವತ್ತು ಸಾರು ನೀರಾಯಿತೆಂದರೆ ನಾಳೆ ಬೆಳಿಗ್ಗೆ ಟೀ ಅಂಗಡಿಯಲ್ಲಿ ತೀರ್ಪು ಹೊರಬಿದ್ದಿರುತ್ತದೆ, ಅದಕ್ಕೆ ಮೇಲ್ಮನವಿ ಇಲ್ಲ.

ಗಿರಾಕಿಯ ಅಭಿಪ್ರಾಯ ಸೋಲುವುದು ಬಣ್ಣದ ಮುಂದೆ. ಕಬಾಬು ಕೆಂಪಗಿದ್ದಷ್ಟೂ ಮಸಾಲೆ ಜಾಸ್ತಿ ಎಂದು ನಾವು ವರ್ಷಗಟ್ಟಲೆ ನಂಬಿದೆವು. ರಾಜ್ಯದಲ್ಲಿ ಪರೀಕ್ಷೆಗೆ ಒಯ್ದ 39 ಕಬಾಬು ಮಾದರಿಗಳಲ್ಲಿ 8 ಕೃತಕ ಬಣ್ಣದಿಂದಾಗಿ ಅಸುರಕ್ಷಿತವೆಂದು ಕಂಡುಬಂದು, 2024ರ ಜೂನ್‌ನಲ್ಲಿ ಸರ್ಕಾರ ಆ ಬಣ್ಣಗಳನ್ನು ನಿಷೇಧಿಸಿತು. ಈಗಲೂ ಕಬಾಬು ಸ್ವಲ್ಪ ಕಂದಾಗಿ ಬಂದರೆ ‘ಇದೇನು, ಸಪ್ಪೆಯಾಗೈತೆ’ ಎಂದು ತಿನ್ನುವ ಮೊದಲೇ ಮುಖ ಸಿಂಡರಿಸುವವರಿದ್ದಾರೆ. ದಯವಿಟ್ಟು ಮೊದಲು ಬಾಯಿಗಿಡಿ.

ಗ್ರಿಲ್ ಅಂಗಡಿ ಇಡುವವರಲ್ಲೂ ಒಂದು ಕೋರಿಕೆ. ಮಯೋನೈಸ್ ಬಟ್ಟಲನ್ನು ಅತ್ತ ಸರಿಸಿ, ಪೆಟ್ಟಿಗೆಯ ಪಕ್ಕದ ಒಲೆಯ ಮೇಲೆ ಒಂದು ಪಾತ್ರೆ ಸಾರು ಕುದಿಯಲು ಬಿಡಿ. ಮುದ್ದೆಯನ್ನು ನಾವೇ ಕೇಳಿ ಹಾಕಿಸಿಕೊಳ್ಳುತ್ತೇವೆ.