ಕಂಪ್ಲಿ ಅರಮನೆಗೆ ಬಂದ ಆ ತಲೆ ಯಾರದು?

ಹಾಳು ಬಂಗಲೆ, ಬಿಳಿ ಸೀರೆ, ಕಿರ್‌ರೆನ್ನುವ ಬಾಗಿಲು... ನಮ್ಮ ಪತ್ತೇದಾರಿ ಕಾದಂಬರಿಗಳಿಗೂ ದೆವ್ವದ ಚಿತ್ರಗಳಿಗೂ ಇಷ್ಟೇ ಬಂಡವಾಳ! ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಸುತ್ತ ನೋಡ್ರೀ ಅಂತೀನಿ ನಾನು. ಅದಕ್ಕಿಂತ ಮೈ ಜುಮ್ಮೆನ್ನುವ ಕಥೆ ಏಳುನೂರು ವರ್ಷದಿಂದ ಇಲ್ಲೇ ಕೂತಿದೆ.

ನಾಯಕ, ಗಂಡುಗಲಿ ಕುಮಾರರಾಮ. ಕಂಪಿಲರಾಯನ ಮಗ. ಆಟದ ಚೆಂಡು ಕಿರಿಯ ರಾಣಿ ರತ್ನಾಜಿಯ ಅಂತಃಪುರಕ್ಕೆ ಹೋಗಿ ಬಿತ್ತು. ತರಲು ಹೋದ ಮಲಮಗನ ಮೇಲೆ ಆಕೆ ಮನಸ್ಸು ಮಾಡಿದಳು. ರಾಮ ಪರನಾರಿ ಸಹೋದರ, ಒಪ್ಪಲಿಲ್ಲ. ರಾಣಿ ದೂರು ಕೊಟ್ಟಳು, ರಾಜ ವಿಚಾರಿಸಲೇ ಇಲ್ಲ. ‘ತಲೆ ತಾ’ ಎಂದ! ಮಂತ್ರಿ ಬೈಚಪ್ಪ ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು, ಅವನನ್ನೇ ಹೋಲುವ ಬೇರೊಂದು ತಲೆ ತಂದು ತೋರಿಸಿದ. ಮುಂದೆ ದಿಲ್ಲಿ ಸೈನ್ಯ ಮುತ್ತಿಗೆ ಹಾಕಿದಾಗ ‘ಸತ್ತವನು’ ಎದ್ದು ಬಂದು ಕಾದಿದ, ಮಡಿದ.

ಬರೀ ಕಟ್ಟುಕಥೆಯೇ? ಅಲ್ಲ. ಮಹಮ್ಮದ್ ಬಿನ್ ತುಘಲಕನಿಗೆ ತಿರುಗಿಬಿದ್ದ ಬಹಾವುದ್ದೀನ್ ಗುರ್ಶಾಸ್ಪನಿಗೆ ಆಶ್ರಯ ಕೊಟ್ಟಿದ್ದಕ್ಕೇ 1327ರ ಹೊತ್ತಿಗೆ ಕಂಪಿಲಿ ರಾಜ್ಯ ಸುಟ್ಟು ಬೂದಿಯಾಯಿತು. ಅರಮನೆಯ ಹೆಂಗಸರು ಬೆಂಕಿಗೆ ಹಾರಿದ್ದನ್ನು ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ. ಹಂಪಿಯ ಹೇಮಕೂಟ ಹತ್ತಿದರೆ, ಕಂಪಿಲದೇವ ತನ್ನ ತಂದೆತಾಯಿಯ ನೆನಪಿಗೆ ಕಟ್ಟಿಸಿದ ಮೂರು ಗರ್ಭಗುಡಿಯ ಶಿವಾಲಯ ಶಾಸನದ ಸಮೇತ ಇವತ್ತಿಗೂ ನಿಂತಿದೆ. ತಂದೆತಾಯಿಗೆ ಗುಡಿ ಕಟ್ಟಿಸಿದವನೇ, ಕಥೆಯಲ್ಲಿ ಮಗನ ತಲೆ ಕೇಳಿದವನು!

ಇನ್ನು ದೇವರ ಮಾತು. ಮಲೆನಾಡಿನ ಕೆಲವು ಹಳ್ಳಿಗಳಲ್ಲಿ ಕುಮಾರರಾಮನ ಮರದ ತಲೆಗೆ ಇಂದಿಗೂ ಪೂಜೆ ಉಂಟು. ಇತ್ತ ಸಂಡೂರಿನ ಬೆಟ್ಟದಲ್ಲಿ ಇನ್ನೊಬ್ಬ ಕುಮಾರ, ಕುಮಾರಸ್ವಾಮಿ. ತಾಯಿ ಪಾರ್ವತಿಯ ಮೇಲೆ ಮುನಿದು, ಕುಡಿದ ಹಾಲನ್ನೇ ಕಕ್ಕಿದನಂತೆ. ಅವನ ಗುಡಿಗೆ ಹೆಂಗಸರು ಹೋಗಬಾರದೆಂಬ ಕಟ್ಟು ಬಹುಕಾಲದ್ದು. ಪಕ್ಕದಲ್ಲೇ ತಾಯಿಯ ಗುಡಿ! ಇಬ್ಬರು ಕುಮಾರರು, ಎರಡೂ ಕಡೆ ತಪ್ಪು ತಾಯಿಯ ಮೇಲೆ. ಕಾಕತಾಳೀಯವೋ ಏನೋ, ನನಗಂತೂ ಎದೆ ಝಲ್ಲೆಂದಿತು.

ಚಿತ್ರರಂಗ ಈ ಕಥೆಯನ್ನು ಮುಟ್ಟಿಲ್ಲವೇ? ಮುಟ್ಟಿದೆ. ಭಾರ್ಗವರ ನಿರ್ದೇಶನದಲ್ಲಿ ಶಿವರಾಜ್‌ಕುಮಾರ್ ಕುಮಾರರಾಮನಾದರು, 2006ರಲ್ಲಿ. ಆದರೆ ಅದು ವೀರನ ಚಿತ್ರ, ಕತ್ತಿ ಕುದುರೆಗಳ ಚಿತ್ರ. 2015ರ ‘ರಂಗಿತರಂಗ’ದಲ್ಲಿ ಊರ ಭೂತ, ಕಾದಂಬರಿಕಾರ ನಾಯಕ, ಕಾಣೆಯಾಗುವ ಹೆಂಗಸರು ಒಂದಾದಾಗ ಜನ ಮುಗಿಬಿದ್ದು ನೋಡಿದರು. ಹಾಗಿರುವಾಗ ಈ ನೆಲಮಾಳಿಗೆಯ ಬಾಗಿಲನ್ನು ಪತ್ತೇದಾರಿಯ ಕೀಲಿಕೈಯಿಂದ ಯಾಕೆ ತೆರೆಯಬಾರದು?

ಪ್ರಶ್ನೆಗಳು ಎರಡೇ. ಬೈಚಪ್ಪ ತೋರಿಸಿದ ಆ ತಲೆ ಯಾರದು? ರಾಜಕುಮಾರನನ್ನು ಹೋಲಿದ್ದೇ ತಪ್ಪಾಗಿ ಸತ್ತವನೊಬ್ಬನಿದ್ದನಲ್ಲ, ಅವನಿಗೂ ಒಬ್ಬ ತಾಯಿ ಇರಲಿಲ್ಲವೇ? ಅವಳು ಆ ರಾತ್ರಿ ಎಲ್ಲಿದ್ದಳು? ಎರಡನೆಯದು ರತ್ನಾಜಿ. ಮುದುಕ ರಾಜನಿಗೆ ಕೊಟ್ಟ ಹರೆಯದ ಹೆಣ್ಣು. ಕಥೆ ಕಟ್ಟಿದವರೆಲ್ಲ ಆಕೆಯನ್ನು ಬೈದರು. ಮುಚ್ಚಿದ ಬಾಗಿಲ ಹಿಂದೆ ನಡೆದದ್ದಕ್ಕೆ ಸಾಕ್ಷಿ ಮಾತ್ರ ಒಂದು ಚೆಂಡು!

ರಾಮನಿಗೆ ಪೂಜೆ ಸಂದಿತು, ಸಿನಿಮಾ ಸಂದಿತು. ಈ ಇಬ್ಬರ ಪಾಲಿನ ಕಾದಂಬರಿ ಯಾರಾದರೂ ಬರೆದರೆ, ಮೊದಲ ಪ್ರತಿ ಕೊಳ್ಳುವವನು ನಾನೇ.