ಲಂಡನ್ನಿನ ಹಗಲು, ಬೆಂಗಳೂರಿನ ನಿದ್ದೆ

ಸೆಪ್ಟೆಂಬರ್ ಬಂತೆಂದರೆ ಲಂಡನ್ನಿನ ವಿಶ್ವವಿದ್ಯಾಲಯಗಳಲ್ಲಿ ಓದಲು ಕರ್ನಾಟಕದ ಎಷ್ಟೋ ಮಕ್ಕಳು ವಿಮಾನ ಹತ್ತುತ್ತಾರೆ. ಚಟ್ನಿಪುಡಿ, ಕುಕ್ಕರು, ಸ್ವೆಟರು ಎಲ್ಲವನ್ನೂ ತೂಕ ನೋಡಿ ತುಂಬುವ ತಂದೆ-ತಾಯಿಯರ ಲೆಕ್ಕಕ್ಕೆ ಸಿಗದ ಸಾಮಾನೊಂದಿದೆ. ಅದು ಮಕ್ಕಳು ತಲೆಯೊಳಗೇ ಹೊತ್ತೊಯ್ಯುವ ಬೆಂಗಳೂರಿನ ಗಡಿಯಾರ.

ಹಿಂದಿನ ಸಂಜೆ ಬಂದಿಳಿದು ಒಂಬತ್ತಕ್ಕೇ ಮಲಗಿದ ಹುಡುಗನಿಗೆ ರಾತ್ರಿ ಎರಡು ಗಂಟೆಗೆ ತಟ್ಟನೆ ಎಚ್ಚರವಾಗುತ್ತದೆ. ಹೊರಗೆ ಕಗ್ಗತ್ತಲು. ಬೆಂಗಳೂರಿನಲ್ಲಿ ಆಗ ಬೆಳಗಿನ ಆರೂವರೆ, ಮನೆಯಲ್ಲಿ ಅವನು ಏಳುತ್ತಿದ್ದ ಹೊತ್ತು. ಬೇಸಿಗೆ ವೇಳೆ ಜಾರಿಯಲ್ಲಿರುವ ಆ ತಿಂಗಳಲ್ಲಿ ಲಂಡನ್ ಭಾರತಕ್ಕಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಹೀಗಾಗಿ ಬೆಳಿಗ್ಗೆ ಒಂಬತ್ತಕ್ಕೆ ಮಧ್ಯಾಹ್ನದ ಊಟದ ಹಸಿವು, ನಾಲ್ಕಕ್ಕೆ ರಾತ್ರಿಯೂಟದ ಹಸಿವು, ಆರಾಗುವಷ್ಟರಲ್ಲಿ ರೆಪ್ಪೆ ಭಾರ. ಇದೇ ಜೆಟ್ ಲ್ಯಾಗ್. ಹಡಗಿನ ಕಾಲದಲ್ಲಿ ಈ ಕಾಟವಿರಲಿಲ್ಲ. ವಾರಗಟ್ಟಲೆಯ ಪಯಣದಲ್ಲಿ ಗಡಿಯಾರವನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕಿಡುತ್ತಿದ್ದರು. ದೇಹವೂ ಅದರ ಜೊತೆಗೇ ಹೊಂದಿಕೊಳ್ಳುತ್ತಿತ್ತು.

ದೇಹದೊಳಗೆ ಗಡಿಯಾರವಿದೆ ಎಂಬುದಕ್ಕೆ ಮೊದಲ ಸುಳಿವು ಕೊಟ್ಟದ್ದು ಒಂದು ಗಿಡ. ಹಗಲು ಎಲೆ ಬಿಚ್ಚಿ ರಾತ್ರಿ ಮುಚ್ಚುವ, ನಮ್ಮ ಮುಟ್ಟಿದರೆ ಮುನಿಯಂಥ ಗಿಡವನ್ನು ಫ್ರಾನ್ಸಿನ ಡಿ ಮೆರಾನ್ ಕತ್ತಲಲ್ಲಿಟ್ಟು ನೋಡಿದ. ಬಿಸಿಲು ತಾಗದಿದ್ದರೂ ಎಲೆಗಳು ಹೊತ್ತಿಗೆ ಸರಿಯಾಗಿ ಬಿಚ್ಚಿ ಮುಚ್ಚುತ್ತಲೇ ಇದ್ದವು. ಇದು 1729ರ ಮಾತು. (ಹೊಲದ ಬದುವಿನಿಂದ ಒಂದು ಗಿಡ ತಂದು ಕುಂಡದಲ್ಲಿ ಬೇರೂರಿಸಿ, ಎರಡು ದಿನ ಕಪಾಟಿನಲ್ಲಿಟ್ಟು ವಿದ್ಯಾರ್ಥಿಗಳೂ ಪರೀಕ್ಷಿಸಬಹುದು.) ಹಣ್ಣುನೊಣದಲ್ಲಿ ಈ ಗಡಿಯಾರದ ವಂಶವಾಹಿಯನ್ನು ಹಿಡಿದು ಅದು ನಡೆಯುವ ಬಗೆಯನ್ನು ವಿವರಿಸಿದ ಹಾಲ್, ರಾಸ್‌ಬ್ಯಾಶ್ ಮತ್ತು ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಹಣ್ಣುನೊಣಗಳ ಗಡಿಯಾರದ ಮೇಲೆ ಸಂಶೋಧನೆ ನಡೆದಿದೆ.

ಮನುಷ್ಯನಲ್ಲಿ ಮುಖ್ಯ ಗಡಿಯಾರವಿರುವುದು ಮಿದುಳಿನ ತಳದ ಹೈಪೊಥಲಾಮಸ್‌ನಲ್ಲಿ. ಸುಮಾರು 20,000 ನರಕೋಶಗಳ ಪುಟ್ಟ ಗುಂಪು ಅದು. ಯಕೃತ್ತು, ಕರುಳುಗಳಲ್ಲೂ ಕಿರಿಯ ಗಡಿಯಾರಗಳಿವೆ. ಎಲ್ಲವೂ ಒಂದೇ ವೇಗದಲ್ಲಿ ಹೊಸ ಊರಿಗೆ ಒಗ್ಗುವುದಿಲ್ಲ. ಮುಖ್ಯ ಗಡಿಯಾರದ ಮುಳ್ಳನ್ನು ತಿರುಗಿಸುವ ಕೀಲಿ ಬೆಳಕು. ಅಕ್ಷಿಪಟಲದ ಕೆಲವು ವಿಶೇಷ ಕೋಶಗಳು, ನೋಟಕ್ಕಿಂತ ಹೆಚ್ಚಾಗಿ, ಹಗಲೋ ಇರುಳೋ ಎಂಬ ಸುದ್ದಿಯನ್ನು ಅಲ್ಲಿಗೆ ಮುಟ್ಟಿಸುತ್ತವೆ.

ಆದ್ದರಿಂದ ಮೊದಲ ದಿನ ಊರು ನೋಡಲು ಹೊರಡುವವರು ವಸ್ತುಸಂಗ್ರಹಾಲಯಗಳ ಒಳಗೆ ತೂಕಡಿಸುವ ಬದಲು ಬಯಲಿಗೆ ಹೋಗುವುದು ಮೇಲು. ಮೋಡ ಕವಿದ ಆಕಾಶದ ಬೆಳಕೂ ಕೋಣೆಯ ದೀಪಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ವಿಜ್ಞಾನದ ವಿದ್ಯಾರ್ಥಿಗಾದರೆ ಗ್ರೀನಿಚ್‌ಗಿಂತ ಒಳ್ಳೆಯ ಜಾಗವಿಲ್ಲ. ಥೇಮ್ಸ್ ನದಿಯಲ್ಲಿ ದೋಣಿಯಲ್ಲೇ ಹೋಗಬಹುದು. ಉದ್ಯಾನದ ಗುಡ್ಡ ಹತ್ತಿದರೆ ಹಳೆಯ ವೀಕ್ಷಣಾಲಯ. 1884ರ ವಾಷಿಂಗ್ಟನ್ ಸಮ್ಮೇಳನವು ಸೊನ್ನೆ ರೇಖಾಂಶವೆಂದು ಒಪ್ಪಿದ್ದು ಇಲ್ಲಿಯ ಗೆರೆಯನ್ನು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಭಾರತದ ವೇಳೆ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಭಾಗಿಸಿದರೆ ಐದೂವರೆ ಗಂಟೆ. ಪಠ್ಯಪುಸ್ತಕದ ಆ ಲೆಕ್ಕವನ್ನು ಕಾಲಡಿಯಲ್ಲೇ ನೋಡಬಹುದು. ಇನ್ನೊಂದು ತಮಾಷೆ: ಉಪಗ್ರಹಗಳನ್ನು ನಂಬುವ ಮೊಬೈಲು ಸೊನ್ನೆಯನ್ನು ಆ ಗೆರೆಯಿಂದ ಸುಮಾರು 102 ಮೀಟರ್ ಪೂರ್ವಕ್ಕೆ ತೋರಿಸುತ್ತದೆ.

ವೀಕ್ಷಣಾಲಯದ ಗೋಪುರದ ಮೇಲೆ ಕೆಂಪು ಗೋಲವೊಂದಿದೆ. ನದಿಯಲ್ಲಿದ್ದ ಹಡಗಿನವರು ತಮ್ಮ ಗಡಿಯಾರ ಹೊಂದಿಸಿಕೊಳ್ಳಲೆಂದು ಮಧ್ಯಾಹ್ನ ಸರಿಯಾಗಿ ಒಂದಕ್ಕೆ ಅದನ್ನು ಕೆಳಗಿಳಿಬಿಡುವ ಪದ್ಧತಿ 1833ರಲ್ಲಿ ಆರಂಭವಾಯಿತು. ಗಾಳಿ ಜೋರಾದಾಗ, ದುರಸ್ತಿಯಿದ್ದಾಗ ಗೋಲ ಕದಲದು. ಗೇಟಿನ ಗೋಡೆಯಲ್ಲಿರುವ ಶೆಫರ್ಡ್ ಗಡಿಯಾರ ಇನ್ನೂ ಸ್ವಾರಸ್ಯದ್ದು. ಅದರ ಮುಖದ ಮೇಲೆ 24 ಗಂಟೆಗಳು; ಬೇಸಿಗೆ ವೇಳೆಗೆ ಅದು ಸೊಪ್ಪು ಹಾಕುವುದಿಲ್ಲ. ಹುಡುಗನ ಕೈಗಡಿಯಾರ ಒಂದು ಎನ್ನುವಾಗ ಗೋಡೆಯದು ಹನ್ನೆರಡು ಎನ್ನುತ್ತದೆ. ಅವನ ದೇಹಕ್ಕೆ ಮಾತ್ರ ಸಂಜೆ ಐದೂವರೆ.

ಕಷ್ಟವೆಲ್ಲ ಇದರ ನಂತರದ್ದು. ಮೂರು ಗಂಟೆಗೆ ಕೋಣೆಗೆ ಮರಳಿ "ಸ್ವಲ್ಪ ಅಡ್ಡಾಗುತ್ತೇನೆ" ಎಂದವನು ಏಳುವುದು ರಾತ್ರಿ ಒಂಬತ್ತಕ್ಕೆ. ಮುಂದೆ ಬೆಳಗಿನವರೆಗೆ ಜಾಗರಣೆ. ನಿದ್ದೆ ತಡೆಯದಿದ್ದರೆ ಅರ್ಧ ಗಂಟೆಗೆ ಅಲಾರಾಂ ಇಟ್ಟು ಮಲಗಲಿ. ಸೆಪ್ಟೆಂಬರ್ ನಡುವಿನಲ್ಲಿ ಲಂಡನ್ನಿನ ಸೂರ್ಯ ಮುಳುಗುವುದು ಏಳು ದಾಟಿದ ಮೇಲೆ. ಆಗ ಬೆಂಗಳೂರಿನಲ್ಲಿ ನಡುರಾತ್ರಿಯ ಹತ್ತಿರ. ದೇಹವು ರಾತ್ರಿ ಎಂದುಕೊಂಡಿರುವ ಹೊತ್ತಿನಲ್ಲಿ ಕಣ್ಣಿಗೆ ಬೀಳುವ ಈ ಸಂಜೆಬಿಸಿಲೇ ಗಡಿಯಾರವನ್ನು ಬೇಕಾದ ದಿಕ್ಕಿಗೆ, ಅಂದರೆ ಹಿಂದಕ್ಕೆ, ತಳ್ಳುವ ಮದ್ದು. ಬೆಳಗಿನ ಜಾವ ಎಚ್ಚರವಾದಾಗ ದೀಪ ಹಾಕಿ ಮೊಬೈಲು ನೋಡುತ್ತ ಕುಳಿತರೆ ಅದು ಉಲ್ಟಾ ದಿಕ್ಕಿಗೆ ಸರಿಯುತ್ತದೆ. ಇಷ್ಟು ನೋಡಿಕೊಂಡರೆ ಮೂರು-ನಾಲ್ಕು ದಿನಗಳಲ್ಲಿ ಹೊಂದಿಕೆಯಾಗುತ್ತದೆ. ದೇಹದ ಗಡಿಯಾರದ ಸುತ್ತು 24 ಗಂಟೆಗಿಂತ ಹತ್ತು ನಿಮಿಷದಷ್ಟು ಉದ್ದವಾದ್ದರಿಂದ ಪಶ್ಚಿಮಕ್ಕೆ ಹೋದಾಗ ಒಗ್ಗುವುದು ಸುಲಭ. ಊರಿಗೆ ಮರಳಿದಾಗಲೇ ಹೆಚ್ಚು ಕಾಟ.

ಬಾಡಿಗೆ ಕೋಣೆಯ ಕರಾರಿಗೆ ಆ ಸಂಜೆ ಸಹಿ ಹಾಕುವುದು ಬೇಡ. ನಿದ್ದೆಗಣ್ಣಿನಲ್ಲಿ ಸಣ್ಣ ಅಕ್ಷರಗಳು ಕಾಣವು. ಮಕ್ಕಳನ್ನು ನೋಡಲು ಹೋಗುವ ಹಿರಿಯರು ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಹೊತ್ತು ಬದಲಿಸುವ ಬಗೆಯನ್ನು ಹೊರಡುವ ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಬೇಕು. ಊರಲ್ಲೇ ಉಳಿದ ಅಮ್ಮಂದಿರು ತಿಂಡಿ ಮುಗಿಸಿ ಒಂಬತ್ತಕ್ಕೆ ಫೋನು ಮಾಡಿದರೆ ಅಲ್ಲಿ ನಸುಕಿನ ನಾಲ್ಕೂವರೆ. ಮತ್ತೆ ನಿದ್ದೆ ಹತ್ತಿದ್ದ ಹುಡುಗ ಎದ್ದು ದೀಪ ಹಾಕುತ್ತಾನೆ. ಮಧ್ಯಾಹ್ನ ಒಂದೂವರೆಯ ತನಕ ತಡೆದರೆ ಅಲ್ಲಿ ಒಂಬತ್ತಾಗಿರುತ್ತದೆ.